ಕರಾವಳಿಯ ಮಳೆಗೆ ಜಗ್ಗದ ಫೈಬರ್ ಲೈನ್: ಎಳೆಯುವ, ಜೋಡಿಸುವ, ಅಳೆಯುವ ಕ್ರಮ

ಉಡುಪಿ ಬಳಿಯ ಹಿರಿಯಡ್ಕದ ಕಡೆ ಅಡಿಕೆ ತೋಟದ ನಡುವಿನ ಮನೆಯೊಂದಕ್ಕೆ ನಾನು ಎಳೆದುಕೊಟ್ಟ ಫೈಬರ್ ಲೈನ್ ಮೇ ತಿಂಗಳ ಬಿಸಿಲಿನಲ್ಲಿ ಪವರ್ ಮೀಟರಿನ ಮೇಲೆ ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮೆ) ತೋರಿಸಿತ್ತು. ಜುಲೈ ಎರಡನೆಯ ವಾರಕ್ಕೆ ಅದೇ ಲೈನ್ ಮೈನಸ್ 29ಕ್ಕೆ ಕುಸಿದು, ಮೋಡೆಮಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಹೋಗಿ ನೋಡಿದಾಗ ತಪ್ಪು ನನ್ನದೇ ಎಂಬುದು ತಿಳಿಯಿತು. ಕೇಬಲನ್ನು ಅಡಿಕೆ ಮರಕ್ಕೆ ಬಿಗಿಯಾಗಿ ಕಟ್ಟಿದ್ದೆ. ಗಾಳಿಗೆ ಮರ ತೂಗಿದಂತೆಲ್ಲ ಕಟ್ಟಿದ ಜಾಗದಲ್ಲಿ ಕೇಬಲ್ ಮಡಚಿ ಚಪ್ಪಟೆಯಾಗಿತ್ತು. ಗೋಡೆಯ ಪೆಟ್ಟಿಗೆಗೆ ಕೇಬಲ್ ಮೇಲಿನಿಂದ ಒಳಹೊಕ್ಕಿದ್ದರಿಂದ, ಅದರ ಗುಂಟ ಇಳಿದ ನೀರು ಕನೆಕ್ಟರಿನ ಮೇಲೆಯೇ ಹನಿಯುತ್ತಿತ್ತು.

ಫೈಬರ್ ಕೆಲಸದಲ್ಲಿ ದೂರವು ಬೆಳಕನ್ನು ತಿನ್ನುವುದಕ್ಕಿಂತ ಕೈಕೆಲಸದ ಅವಸರ ತಿನ್ನುವುದೇ ಹೆಚ್ಚು. 1550 ನ್ಯಾನೋಮೀಟರ್ ತರಂಗಾಂತರದಲ್ಲಿ ಒಂದು ಕಿಲೋಮೀಟರ್ ಒಳ್ಳೆಯ ಸಿಂಗಲ್ ಮೋಡ್ ಫೈಬರ್ ನುಂಗುವುದು ಸುಮಾರು 0.2 ಡಿಬಿ (ಬೆಳಕಿನ ನಷ್ಟದ ಅಳತೆ) ಮಾತ್ರ. ಆದರೆ ಸಾಧಾರಣ ಫೈಬರನ್ನು ಪೆನ್ನಿಗೆ ಒಂದೇ ಒಂದು ಸುತ್ತು ಸುತ್ತಿದರೆ, ಹತ್ತು ಕಿಲೋಮೀಟರ್ ಗಾಜು ತಿನ್ನುವುದಕ್ಕಿಂತ ಹೆಚ್ಚಿನ ಬೆಳಕು ಅಲ್ಲಿಯೇ ಹೊರಗೆ ಸೋರಿಹೋಗುತ್ತದೆ. ಆದ್ದರಿಂದ ಈ ಬರಹದಲ್ಲಿ ಕೊನೆಯ ಕೆಲವು ನೂರು ಮೀಟರುಗಳ ಬಗ್ಗೆ, ಅದರಲ್ಲಿಯೂ ಜೋಡಣೆಯ ಬಗ್ಗೆ, ಉಳಿದುದಕ್ಕಿಂತ ಹೆಚ್ಚು ಬರೆದಿದ್ದೇನೆ.

ಮೊದಲು ಕಾಗದದ ಮೇಲೆ ಲೆಕ್ಕ

ಕೇಬಲ್ ಡ್ರಮ್ ಇಳಿಸುವ ಮೊದಲು ಬೆಳಕಿನ ಖರ್ಚಿನ ಲೆಕ್ಕವನ್ನು ಬರೆದುಕೊಳ್ಳಬೇಕು. ಮನೆಮನೆಗೆ ಇಂಟರ್ನೆಟ್ ಒಯ್ಯುವ ಜಿಪಾನ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿ ಪ್ಲಸ್ ದರ್ಜೆಯು 28 ಡಿಬಿಯವರೆಗಿನ ನಷ್ಟವನ್ನು ತಾಳಿಕೊಳ್ಳುತ್ತದೆ. ಗ್ರಾಹಕರ ಮೋಡೆಮ್ ಮೈನಸ್ 27 ಡಿಬಿಎಂವರೆಗೆ ಬೆಳಕನ್ನು ಗುರುತಿಸಬಲ್ಲದು. ಎಕ್ಸ್‌ಚೇಂಜಿನಿಂದ ಮನೆಯವರೆಗೆ 7.2 ಕಿಲೋಮೀಟರ್ ಇದೆ ಎಂದುಕೊಳ್ಳೋಣ. ಮೋಡೆಮ್ ಹಿಂದಕ್ಕೆ ಕಳುಹಿಸುವ 1310 ನ್ಯಾನೋಮೀಟರ್ ಬೆಳಕಿಗೆ ನಷ್ಟ ಹೆಚ್ಚಾದ್ದರಿಂದ ಕಿಲೋಮೀಟರಿಗೆ 0.35ರಂತೆ ಹಿಡಿದರೆ ಗಾಜಿನ ಪಾಲು 2.5 ಡಿಬಿ. ನಡುವೆ ನಾಲ್ಕು ದಾರಿಯ ಒಂದು ಸ್ಪ್ಲಿಟರ್ (ಒಂದು ಬೆಳಕನ್ನು ಹಲವು ದಾರಿಗೆ ಹಂಚುವ ಸಾಧನ), ಎಂಟು ದಾರಿಯ ಇನ್ನೊಂದು ಇದ್ದರೆ ಅವುಗಳ ಪಾಲು ಸುಮಾರು 7.2 ಮತ್ತು 10.5. ಎಂಟು ಸ್ಪ್ಲೈಸ್‌ಗಳಿಗೆ (ಗಾಜಿಗೆ ಗಾಜು ಬೆಸೆದ ಜೋಡಣೆ) ತಲಾ 0.1ರಂತೆ 0.8, ನಾಲ್ಕು ಕನೆಕ್ಟರುಗಳಿಗೆ ತಲಾ 0.5ರಂತೆ 2. ಎಲ್ಲವನ್ನೂ ಕೂಡಿದರೆ 23 ಡಿಬಿ ಆಗುತ್ತದೆ. ಓಎಲ್‌ಟಿಯಿಂದ (ಎಕ್ಸ್‌ಚೇಂಜಿನಲ್ಲಿ ಬೆಳಕು ಕಳುಹಿಸುವ ಯಂತ್ರ) ಪ್ಲಸ್ 4 ಡಿಬಿಎಂ ಹೊರಟರೆ ಮನೆಯಲ್ಲಿ ಮೈನಸ್ 19ರ ಆಸುಪಾಸು ಸಿಗಬೇಕು.

ಈ ನಿರೀಕ್ಷೆಯ ಅಂಕಿ ಕೈಯಲ್ಲಿಲ್ಲದೆ ಕೆಲಸಕ್ಕೆ ಇಳಿದವರು ಮೈನಸ್ 24 ಬಂದರೂ ‘ನೆಟ್ ಬರುತ್ತಿದೆಯಲ್ಲ’ ಎಂದು ಪೆಟ್ಟಿಗೆ ಮುಚ್ಚಿ ಹೊರಟುಬಿಡುತ್ತಾರೆ. ಲೆಕ್ಕಕ್ಕೂ ಅಳತೆಗೂ ನಡುವೆ ಕಾಣೆಯಾದ ಆ 5 ಡಿಬಿ ಎಲ್ಲೋ ಒಂದು ಮಡಿಕೆಯಲ್ಲಿ ಅಥವಾ ಕೊಳೆಯಲ್ಲಿ ಅಡಗಿ ಕುಳಿತಿರುತ್ತದೆ, ಮತ್ತು ಆಷಾಢದ ಮಳೆಯಲ್ಲಿ ಹೊರಗೆ ಬರುತ್ತದೆ. ಮುಂದಿನ ದುರಸ್ತಿಗಳಿಗೆಂದು ಕನಿಷ್ಠ 3 ಡಿಬಿಯನ್ನು ಮುಟ್ಟದೆ ಉಳಿಸಿಕೊಳ್ಳುವುದು ನನ್ನ ಪದ್ಧತಿ. ನಮ್ಮ ಕಡೆ ಒಂದು ಮಳೆಗಾಲದಲ್ಲಿ ಒಂದು ಲೈನ್ ಎರಡು ಸಲ ತುಂಡಾಗುವುದು ಅಪರೂಪವಲ್ಲ, ಪ್ರತಿ ತುಂಡಿಗೂ ಹೊಸ ಜೋಡಣೆಗಳು ಸೇರಿಕೊಳ್ಳುತ್ತವೆ.

ಕೇಬಲಿನ ಆಯ್ಕೆ ಮತ್ತು ದಾರಿ

ದೂರದ ಮುಖ್ಯ ಲೈನಿಗೆ ಜಿ.652ಡಿ ಫೈಬರ್ ಸಾಕು. ಮನೆಯೊಳಗೆ ಮೂಲೆಗಳಲ್ಲಿ ತಿರುಗಬೇಕಾದ ಡ್ರಾಪ್ ಕೇಬಲಿಗೆ (ಮನೆಗೆ ಬರುವ ಕೊನೆಯ ತುಂಡಿಗೆ) ಜಿ.657ಎ2 ಉತ್ತಮ, ಅದು 7.5 ಮಿಲಿಮೀಟರ್ ತ್ರಿಜ್ಯದ ಬಾಗನ್ನು ತಾಳಿಕೊಳ್ಳುತ್ತದೆ, ಜಿ.652ಡಿಗೆ 30 ಮಿಲಿಮೀಟರ್ ಬೇಕು. ಇದು ಒಳಗಿನ ಗಾಜಿನ ಮಾತು. ಇಡೀ ಕೇಬಲಿನ ವಿಷಯದಲ್ಲಿ, ಎಳೆಯುವಾಗ ಅದರ ವ್ಯಾಸದ 20 ಪಟ್ಟು, ಕೂರಿಸಿದ ಮೇಲೆ 10 ಪಟ್ಟು ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು.

ಗಾಜಿಗೆ ಸಿಡಿಲು ತಗಲುವುದಿಲ್ಲ ಎಂಬ ನಂಬಿಕೆಯಿಂದ ಕೆಲವರು ಉಕ್ಕಿನ ತಂತಿಯಿರುವ ಡ್ರಾಪ್ ಕೇಬಲನ್ನು ನೇರವಾಗಿ ಮೋಡೆಮಿನವರೆಗೆ ಒಯ್ಯುತ್ತಾರೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವೆಂಬುದು ನಿಜ, ಪಕ್ಕದ ಉಕ್ಕು ಚೆನ್ನಾಗಿಯೇ ಒಯ್ಯುತ್ತದೆ. ಮೇ ತಿಂಗಳಲ್ಲಿಯೂ ತುಲಾ ಮಾಸದಲ್ಲಿಯೂ ಗುಡುಗು ಸಿಡಿಲು ಹೆಚ್ಚಿರುವ ನಮ್ಮ ಊರುಗಳಲ್ಲಿ ಕೊನೆಯ ತುಂಡಿಗೆ ಲೋಹವಿಲ್ಲದ, ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲನ್ನೇ ಬಳಸಬೇಕು. ತಂತಿಯಿರುವುದೇ ಸಿಕ್ಕಿದರೆ ಗೋಡೆಯ ಹೊರಗಿನ ಕೊಕ್ಕೆಗೆ ತಂತಿಯನ್ನು ಕಟ್ಟಿ, ಅಲ್ಲಿಯೇ ಕತ್ತರಿಸಿ, ಫೈಬರ್ ಭಾಗವನ್ನು ಮಾತ್ರ ಒಳಗೆ ತರಬೇಕು. ಇಷ್ಟಾದ ಮೇಲೂ ಮೋಡೆಮ್ ಸುಟ್ಟರೆ ಸಿಡಿಲು ಕರೆಂಟಿನ ಪ್ಲಗ್ಗಿನ ದಾರಿಯಲ್ಲಿ ಬಂದಿರುವ ಸಾಧ್ಯತೆಯೇ ಹೆಚ್ಚು. ಬೈಗುಳ ಮಾತ್ರ ಫೈಬರಿನವನಿಗೆ.

ನೆಲದಡಿಯ ಕೇಬಲಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಆಳ 1.65 ಮೀಟರ್, ಅದರಲ್ಲಿ 40 ಮಿಲಿಮೀಟರ್ ಹೊರವ್ಯಾಸದ ಎಚ್‌ಡಿಪಿಇ ಪೈಪನ್ನು ಹಾಸಿ, ಪೈಪಿನೊಳಗೆ ಕೇಬಲನ್ನು ಎಳೆಯುತ್ತಾರೆ. ಗುಡ್ಡೆಯ ಮುರಕಲ್ಲಿನಲ್ಲಿ ಅಷ್ಟು ಆಳ ಅಗೆಯುವುದು ಹಲವು ಕಡೆ ಆಗದ ಮಾತು. ಕಡಿಮೆ ಆಳಕ್ಕೇ ನಿಲ್ಲಿಸಬೇಕಾದಲ್ಲಿ ಪೈಪಿನ ಮೇಲೆ ಜಿಐ ಪೈಪ್ ಅಥವಾ ಕಾಂಕ್ರೀಟಿನ ಹೊದಿಕೆ ಕೊಡಬೇಕು, ಅದರ ಮೇಲೆ ಎಚ್ಚರಿಕೆಯ ಪಟ್ಟಿಯನ್ನು ಹಾಸಬೇಕು. ಬೈಲಿನಲ್ಲಿ ಸಮಸ್ಯೆ ಬೇರೆ: ಅಗೆಯುವುದು ಸುಲಭ, ಆದರೆ ಗದ್ದೆಯ ಕಟ್ಟಪುಣಿಯಲ್ಲಿ (ಬದುವಿನಲ್ಲಿ) ಹೂತ ಪೈಪು ಮುಂದಿನ ವರ್ಷ ಕಟ್ಟಪುಣಿ ಕಟ್ಟುವವರ ಹಾರೆಗೆ ಸಿಗುತ್ತದೆ. ಗದ್ದೆಯವರಿಗೆ ತಿಳಿಸದೆ ಅಲ್ಲಿ ಏನನ್ನೂ ಹೂಳಬಾರದು. ಪೈಪಿನ ಎರಡೂ ತುದಿಗಳನ್ನು ಮುಚ್ಚದೆ ಬಿಟ್ಟರೆ ಹೆಗ್ಗಣಗಳು ಒಳನುಗ್ಗಿ ಕೇಬಲಿನ ಸಿಪ್ಪೆ ಕಡಿಯುತ್ತವೆ.

ಸಾರ್ವಜನಿಕ ರಸ್ತೆಯನ್ನು ಅಗೆಯಲು ಆ ರಸ್ತೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಬೇಕು. ಇದಕ್ಕೆ ಸಂಬಂಧಿಸಿದ 2024ರ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅಗೆಯುವ ಮೊದಲು ‘ಕಾಲ್ ಬಿಫೋರ್ ಯು ಡಿಗ್’ ಎಂಬ, 2023ರಲ್ಲಿ ಕೇಂದ್ರ ಸರಕಾರ ತಂದ ಆ್ಯಪಿನಲ್ಲಿ ತಿಳಿಸಿದರೆ, ನೆಲದಡಿಯಲ್ಲಿ ಈಗಾಗಲೇ ಕೇಬಲು ಪೈಪು ಇರುವವರಿಗೆ ಸುದ್ದಿ ಹೋಗುತ್ತದೆ.

ತಲೆಯ ಮೇಲಿನ ದಾರಿಯಾದರೆ ಮೆಸ್ಕಾಂ ಕಂಬಗಳನ್ನು ಅನುಮತಿಯಿಲ್ಲದೆ ಬಳಸಬಾರದು. ತೆಂಗಿನ ಮಡಲು ಬೀಳುವ ನೇರದಲ್ಲಿ, ಅಡಿಕೆ ಕೊಯ್ಯುವವರ ದೋಟಿ ತಗಲುವ ಎತ್ತರದಲ್ಲಿ ಕೇಬಲ್ ಹೋಗದಂತೆ ಮಾರ್ಗವನ್ನು ನಡೆದು ನೋಡಿ ನಿರ್ಧರಿಸಬೇಕು. ದೇವಸ್ಥಾನದ ರಥಬೀದಿಯನ್ನು ಅಡ್ಡ ದಾಟುವ ಕೇಬಲಿಗೆ ಎರಡೂ ಬದಿಯಲ್ಲಿ ಬಿಚ್ಚಿ ಇಳಿಸಬಹುದಾದಷ್ಟು ಹೆಚ್ಚುವರಿ ಸುರುಳಿ ಇರಲೇಬೇಕು. ಜಾತ್ರೆಯ ದಿನ ತೇರು ಎಳೆಯುವವರು ನಮಗಾಗಿ ಕಾಯುವುದಿಲ್ಲ. ಮರಕ್ಕೆ ಕಟ್ಟುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕು, ತಪ್ಪದಿದ್ದಲ್ಲಿ ಕೇಬಲನ್ನು ಬಿಗಿಯದೆ, ಮರ ತೂಗಿದಾಗ ಜಾರಲು ಎಡೆಯಿರುವಂತೆ ತೂಗು ಕೊಕ್ಕೆಯನ್ನು ಬಳಸಬೇಕು. ಮಲ್ಪೆ, ಪಣಂಬೂರು, ಉಳ್ಳಾಲಗಳಂಥ ಕಡಲ ದಂಡೆಯ ಜಾಗಗಳಲ್ಲಿ ಉಪ್ಪುಗಾಳಿ ಸಾಧಾರಣ ಕಬ್ಬಿಣದ ಕ್ಲಾಂಪುಗಳನ್ನು ಬೇಗನೆ ತಿಂದುಹಾಕುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದ್ದಕ್ಕೆ ಹಣ ಕೊಡುವುದು ಲಾಭವೇ.

ಎಳೆಯುವಾಗ

ಡ್ರಮ್ಮನ್ನು ಅಡ್ಡ ಮಲಗಿಸಿ ಕೇಬಲನ್ನು ಸುರುಳಿ ಸುರುಳಿಯಾಗಿ ಮೇಲಕ್ಕೆತ್ತಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಬೀಳುತ್ತದೆ. ಡ್ರಮ್ಮನ್ನು ಕಂಬಿಯ ಮೇಲೆ ನಿಲ್ಲಿಸಿ ಉರುಳಿಸಬೇಕು. ನಡುದಾರಿಯಲ್ಲಿ ಕೇಬಲನ್ನು ನೆಲದ ಮೇಲೆ ಹಾಕಿಕೊಳ್ಳಬೇಕಾಗಿ ಬಂದರೆ ಇಂಗ್ಲಿಷಿನ 8ರ ಆಕಾರದಲ್ಲಿ ಹಾಸಬೇಕು, ಆಗ ಒಂದು ಬದಿಯ ತಿರುಚನ್ನು ಇನ್ನೊಂದು ಬದಿ ಬಿಡಿಸುತ್ತದೆ. ಎಳೆಯುವ ಹಗ್ಗವನ್ನು ಕೇಬಲಿನ ಒಳಗಿನ ಬಲದ ಕಡ್ಡಿಗೆ ಅಥವಾ ಕೆವ್ಲಾರ್ ನೂಲಿಗೆ ಕಟ್ಟಬೇಕೇ ಹೊರತು ಹೊರಸಿಪ್ಪೆಗೆ ಕಟ್ಟಬಾರದು. ಪ್ರತಿ ಜೋಡಣೆಯ ಜಾಗದಲ್ಲಿ ಎರಡೂ ಬದಿಗೆ 10ರಿಂದ 15 ಮೀಟರ್ ಸುರುಳಿ ಬಿಟ್ಟರೆ, ಮುಂದೆ ಜೋಡಣೆ ಮಾಡುವವರು ಕಂಬದ ಮೇಲೆ ನೇತಾಡದೆ ನೆಲದಲ್ಲಿ ಕುಳಿತು ಕೆಲಸ ಮಾಡಬಹುದು.

ಎರಡು ಗಾಜುಗಳನ್ನು ಒಂದಾಗಿಸುವುದು

ಸಿಂಗಲ್ ಮೋಡ್ ಫೈಬರಿನ ಹೊರ ಗಾಜಿನ ವ್ಯಾಸ 125 ಮೈಕ್ರಾನ್, ಬೆಳಕು ಹರಿಯುವ ನಡುವಿನ ತಿರುಳು ಸುಮಾರು 9 ಮೈಕ್ರಾನ್. ಇಂಥ ಎರಡು ತಿರುಳುಗಳು ಒಂದಕ್ಕೊಂದು 1 ಮೈಕ್ರಾನ್ ಪಕ್ಕಕ್ಕೆ ಸರಿದು ಕುಳಿತರೆ ನಷ್ಟ ಸುಮಾರು 0.2 ಡಿಬಿ, ಎಂದರೆ ಒಂದು ಕಿಲೋಮೀಟರ್ ಗಾಜಿನಷ್ಟು. 2 ಮೈಕ್ರಾನ್ ಸರಿದರೆ ನಷ್ಟ ಇಮ್ಮಡಿಯಲ್ಲ, ನಾಲ್ಮಡಿ, ಸುಮಾರು 0.8 ಡಿಬಿ. ಒಳ್ಳೆಯ ಫ್ಯೂಷನ್ ಸ್ಪ್ಲೈಸಿನಲ್ಲಿ ನಷ್ಟ 0.02ರಿಂದ 0.05ರ ಒಳಗಿರುತ್ತದೆ, 0.1 ದಾಟಿದರೆ ನಾನು ಕತ್ತರಿಸಿ ಮತ್ತೆ ಮಾಡುತ್ತೇನೆ.

ಸ್ಪ್ಲೈಸಿಂಗ್ ಯಂತ್ರಗಳಲ್ಲಿ ಎರಡು ಜಾತಿ. ಅಗ್ಗದ ಯಂತ್ರವು ವಿ ಆಕಾರದ ತೋಡಿನಲ್ಲಿ ಎರಡೂ ಫೈಬರುಗಳ ಹೊರಮೈಯನ್ನು ಸಮ ಮಾಡಿ, ತಿರುಳು ನಡುವಿನಲ್ಲಿಯೇ ಇದೆಯೆಂದು ನಂಬಿ ಬೆಸೆಯುತ್ತದೆ. ಕೋರ್ ಅಲೈನ್‌ಮೆಂಟ್ ಯಂತ್ರವು ಎರಡು ದಿಕ್ಕಿನ ಕ್ಯಾಮೆರಾಗಳಿಂದ ತಿರುಳನ್ನೇ ನೋಡಿ, ಸಣ್ಣ ಮೋಟರುಗಳಿಂದ ಫೈಬರುಗಳನ್ನು ಸರಿಸಿ ಎದುರುಬದುರು ತರುತ್ತದೆ. ಮನೆಯ ಡ್ರಾಪ್ ಕೇಬಲಿಗೆ ಮೊದಲನೆಯದು ನಡೆದೀತು. ನೂರಾರು ಮನೆಗಳನ್ನು ಹೊತ್ತ ಮುಖ್ಯ ಲೈನಿಗೆ ಎರಡನೆಯದನ್ನೇ ಬಳಸಬೇಕು. ಯಾವ ಯಂತ್ರವಾದರೂ ವಿ ತೋಡಿನಲ್ಲಿ ಒಂದು ಧೂಳಿನ ಕಣ ಕುಳಿತರೆ ಫೈಬರ್ ಮೇಲಕ್ಕೆದ್ದು ನಿಲ್ಲುತ್ತದೆ, ಮತ್ತು ಹೊಂದಾಣಿಕೆ ತಪ್ಪುವ ಪ್ರಕರಣಗಳಲ್ಲಿ ನಾನು ಕಂಡ ಹೆಚ್ಚಿನವು ಈ ಕಣದಿಂದಲೇ ಆದವು.

ಮಳೆಗಾಲದಲ್ಲಿ ಎಸಿ ಹಾಕಿದ ಕಾರಿನಿಂದ ಯಂತ್ರವನ್ನು ಹೊರಗೆ ತೆಗೆದ ಕೂಡಲೇ ಕನ್ನಡಕದ ಗಾಜಿನಂತೆ ಅದರ ಲೆನ್ಸಿನ ಮೇಲೂ ತೋಡಿನ ಮೇಲೂ ತೇವ ಕಟ್ಟುತ್ತದೆ. ಪೆಟ್ಟಿಗೆಯನ್ನು ತೆರೆಯದೆ ಹದಿನೈದು ಇಪ್ಪತ್ತು ನಿಮಿಷ ಹೊರಗಿನ ಶಾಖಕ್ಕೆ ಬಿಟ್ಟು, ಆಮೇಲೆ ತೆರೆಯಬೇಕು. ಗಾಳಿಯ ತೇವ ಮತ್ತು ಒತ್ತಡ ಬದಲಾದಂತೆ ವಿದ್ಯುತ್ ಕಿಡಿಯ ಬಲವೂ ಬದಲಾಗುವುದರಿಂದ, ದಿನದ ಮೊದಲ ಸ್ಪ್ಲೈಸಿಗೆ ಮುಂಚೆ ಆರ್ಕ್ ಕ್ಯಾಲಿಬ್ರೇಷನ್ ಮಾಡಿಕೊಳ್ಳುವುದು ತಪ್ಪಬಾರದು. ಚಾರ್ಮಾಡಿ ಘಾಟಿ ಹತ್ತಿ ಮೇಲೆ ಕೆಲಸಕ್ಕೆ ಹೋದವರಿಗೂ ಇದೇ ಮಾತು.

ಇನ್ನು ಕೆಲಸದ ಕ್ರಮ. ಎಲ್ಲಕ್ಕಿಂತ ಮೊದಲು ರಕ್ಷಣೆಯ ಕೊಳವೆ, ಅಂದರೆ ಸ್ಲೀವನ್ನು ಒಂದು ಬದಿಯ ಫೈಬರಿಗೆ ತೊಡಿಸಬೇಕು. ಸುಂದರವಾಗಿ ಬೆಸೆದ ಮೇಲೆ ಸ್ಲೀವ್ ಮೇಜಿನ ಮೇಲೆಯೇ ಇರುವುದನ್ನು ಕಂಡು ಹಣೆ ಚಚ್ಚಿಕೊಳ್ಳದವರು ಈ ಕಸುಬಿನಲ್ಲಿ ಇಲ್ಲ. ಕೇಬಲಿನ ಜೆಲ್ಲಿಯನ್ನು ಪೂರ್ತಿ ಒರೆಸಿ, 250 ಮೈಕ್ರಾನಿನ ಬಣ್ಣದ ಲೇಪವನ್ನು ಮೂರರಿಂದ ನಾಲ್ಕು ಸೆಂಟಿಮೀಟರಿನಷ್ಟು ಸ್ಟ್ರಿಪ್ಪರಿನಿಂದ ಒಂದೇ ಎಳೆತದಲ್ಲಿ ತೆಗೆಯಬೇಕು. ಆಮೇಲೆ 99 ಶೇಕಡಾ ಶುದ್ಧತೆಯ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ, ನೂಲು ಬಿಡದ ಟಿಶ್ಯೂನಿಂದ ಒರೆಸಬೇಕು. ಗಾಜು ಸ್ವಚ್ಛವಾದಾಗ ಕೀಚ್ ಎಂಬ ಸದ್ದು ಬೆರಳಿಗೇ ತಿಳಿಯುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ ಇದಕ್ಕೆ ಆಗದು, ಅದರಲ್ಲಿ ನೀರಿನ ಪಾಲು ಹೆಚ್ಚು.

ಮುಂದಿನದು ಕ್ಲೀವರ್. ಕ್ಲೀವರ್ ಗಾಜನ್ನು ಕತ್ತರಿಸುವುದಿಲ್ಲ, ಮೇಲೊಂದು ಗೀರು ಹಾಕಿ ಮುರಿಯುತ್ತದೆ. ಮುರಿದ ಮುಖ ನೇರಕ್ಕೆ ಅರ್ಧ ಡಿಗ್ರಿಯ ಒಳಗೆ ಇದ್ದರೆ ಉತ್ತಮ, 1 ಡಿಗ್ರಿ ದಾಟಿದರೆ ಮತ್ತೆ ಮಾಡಬೇಕು. ಕ್ಲೀವ್ ಆದ ಮೇಲೆ ತುದಿಯನ್ನು ಒರೆಸಬಾರದು, ಏನಕ್ಕೂ ತಾಗಿಸಬಾರದು. ಯಂತ್ರ ‘ಕೋನ ಸರಿಯಿಲ್ಲ’ ಎಂದು ಪದೇ ಪದೇ ಹೇಳತೊಡಗಿದರೆ ಯಂತ್ರವನ್ನು ಬೈಯದೆ ಕ್ಲೀವರಿನ ಅಲಗನ್ನು ಒಂದು ಸ್ಥಾನ ತಿರುಗಿಸಿ ನೋಡಬೇಕು. ಮುರಿದುಬಿದ್ದ ಗಾಜಿನ ಚೂರುಗಳನ್ನು ಕಪ್ಪು ಟೇಪಿಗೆ ಅಂಟಿಸಿ, ಮುಚ್ಚಳವಿರುವ ಬಾಟಲಿಗೆ ಹಾಕಬೇಕು. ಅಂಗಳದಲ್ಲಿ ಮಕ್ಕಳು, ಹಟ್ಟಿಯಲ್ಲಿ ದನಗಳಿರುವ ಮನೆಗಳಲ್ಲಿ ನಾವು ಕೆಲಸ ಮಾಡುತ್ತಿರುತ್ತೇವೆ.

ಎರಡೂ ತುದಿಗಳನ್ನು ತೋಡಿನ ಅಂಚಿಗೂ ಎಲೆಕ್ಟ್ರೋಡಿನ ಮೊನೆಗೂ ನಡುವೆ ಇಟ್ಟು ಮುಚ್ಚಳ ಹಾಕಿದರೆ ಉಳಿದುದನ್ನು ಯಂತ್ರ ಮಾಡುತ್ತದೆ. ಕೊನೆಗೆ ಪರದೆಯಲ್ಲಿ 0.01 ಡಿಬಿ ಎಂದು ಮೂಡಿದರೆ ಹಿಗ್ಗಬೇಕಾಗಿಲ್ಲ. ಅದು ಚಿತ್ರವನ್ನು ನೋಡಿ ಯಂತ್ರ ಹಾಕಿದ ಅಂದಾಜು, ಬೆಳಕನ್ನು ಹರಿಸಿ ಅಳೆದದ್ದಲ್ಲ. ಬೆಸುಗೆಯ ಜಾಗದಲ್ಲಿ ಗುಳ್ಳೆ, ಕಪ್ಪು ಗೆರೆ, ಸೊಂಟದಂತೆ ಸಣ್ಣಗಾದದ್ದು ಕಂಡರೆ ಅಂಕಿ ಏನೇ ಇರಲಿ ಮತ್ತೆ ಮಾಡುವುದೇ ಸರಿ. ಸ್ಲೀವನ್ನು ಕಾಯಿಸಿದ ಮೇಲೆ ಆರುವವರೆಗೆ ಬಾಗಿಸಬಾರದು.

ಎರಡೂ ಬದಿಯ ಬಣ್ಣಗಳನ್ನು ಕ್ರಮವಾಗಿಯೇ ಜೋಡಿಸಬೇಕು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಸಂಜೆಯ ಮಬ್ಬಿನಲ್ಲಿ ಬೂದಿಯೂ ಬಿಳಿಯೂ ಒಂದೇ ಥರ ಕಾಣುವುದರಿಂದ ತಲೆಗೆ ಕಟ್ಟುವ ದೀಪ ಬೇಕು.

ಮನೆಯ ತುದಿಗೆ ಫಾಸ್ಟ್ ಕನೆಕ್ಟರ್ ಹಾಕಿ ಐದು ನಿಮಿಷದಲ್ಲಿ ಮುಗಿಸುವವರಿದ್ದಾರೆ. ಅದರೊಳಗೆ ಎರಡು ಗಾಜುಗಳು ಬೆಸೆದಿರುವುದಿಲ್ಲ, ಒಂದು ಬಗೆಯ ಜೆಲ್ಲಿಯ ನೆರವಿನಿಂದ ತಾಗಿಕೊಂಡಿರುತ್ತವೆ. ಒಳಗೋಡೆಯಲ್ಲಿ ಅದನ್ನು ಸಹಿಸಬಹುದು, ಜಗಲಿಯ ಹೊರಗೆ ನಾನು ಹಾಕುವುದಿಲ್ಲ. ಹಸಿರು ಕನೆಕ್ಟರಿನ ಮುಖ 8 ಡಿಗ್ರಿ ಓರೆಯಾಗಿರುತ್ತದೆ, ನೀಲಿಯದ್ದು ನೇರ. ಹಸಿರನ್ನು ನೀಲಿಗೆ ಚುಚ್ಚಿದರೆ ಮುಖಗಳು ಕೂಡುವುದಿಲ್ಲ, ಬೆಳಕು ಸೋರುವುದಲ್ಲದೆ ಗಾಜಿಗೂ ಪೆಟ್ಟಾಗುತ್ತದೆ.

ನೀರಿಗೆ ದಾರಿ ಕೊಡದ ಪೆಟ್ಟಿಗೆ

ಗಾಜಿಗೆ ನೀರು ಕೂಡಲೇ ಏನನ್ನೂ ಮಾಡುವುದಿಲ್ಲ ಎಂಬುದರಿಂದಲೇ ಅಪಾಯ. ಬಾಗಿದ ಅಥವಾ ಜಗ್ಗಿದ ಸ್ಥಿತಿಯಲ್ಲಿರುವ ಗಾಜಿನ ಮೇಲ್ಮೈಯ ಅತಿಸಣ್ಣ ಬಿರುಕುಗಳನ್ನು ತೇವವು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಸುತ್ತದೆ. ಒಂದು ದಿನ ಯಾರೂ ಮುಟ್ಟದೆಯೇ ಫೈಬರ್ ತುಂಡಾಗುತ್ತದೆ. ಆದ್ದರಿಂದ ಜಾಯಿಂಟ್ ಕ್ಲೋಸರಿನ ಕೇಬಲ್ ಬಾಯಿಗಳು ಕೆಳಮುಖವಾಗಿರಬೇಕು, ಬಳಸದ ಬಾಯಿಗಳಿಗೆ ಬಿರಡೆ ಹಾಕಬೇಕು, ರಬ್ಬರಿನ ರಿಂಗಿನ ತೋಡಿನಲ್ಲಿ ಮಣ್ಣಿನ ಕಣ ಇರಬಾರದು. ಒಳಬರುವ ಕೇಬಲ್ ಪೆಟ್ಟಿಗೆಗಿಂತ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರುವಂತೆ ಬಾಗು ಕೊಟ್ಟರೆ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ. ಹಿರಿಯಡ್ಕದ ಮನೆಯಲ್ಲಿ ನಾನು ಮರೆತದ್ದು ಇದನ್ನೇ. ಒಳಗಿನ ತಟ್ಟೆಯಲ್ಲಿ ಫೈಬರನ್ನು 30 ಮಿಲಿಮೀಟರಿಗಿಂತ ಕಡಿಮೆ ತ್ರಿಜ್ಯಕ್ಕೆ ಸುತ್ತಬಾರದು. ಮರದ ಮೇಲಿನ ಪೆಟ್ಟಿಗೆಗಳಲ್ಲಿ ಕೆಂಪಿರುವೆ ಗೂಡು ಕಟ್ಟುತ್ತದೆ, ಮುಚ್ಚಳ ತೆರೆಯುವ ಮೊದಲು ಒಮ್ಮೆ ತಟ್ಟಿ ನೋಡುವುದು ಒಳ್ಳೆಯದು.

ಅಳೆಯದೆ ಮುಗಿಯದು

ಅಳೆಯಲು ಹೊರಡುವ ಮುನ್ನ ಒಂದು ಎಚ್ಚರ: ಈ ಬೆಳಕು ಕಣ್ಣಿಗೆ ಕಾಣದು, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು, ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಹೊಸ ಲೈನನ್ನು ಒಟಿಡಿಆರ್‌ನಿಂದ (ಬೆಳಕನ್ನು ಕಳುಹಿಸಿ, ಹಿಂದಿರುಗುವ ಬೆಳಕಿನಿಂದ ಎಲ್ಲಿ ಎಷ್ಟು ನಷ್ಟವೆಂದು ತೋರಿಸುವ ಉಪಕರಣ) 1310 ಮತ್ತು 1550 ಎರಡರಲ್ಲಿಯೂ ಅಳೆಯಬೇಕು. ಒಂದೇ ಜಾಗದಲ್ಲಿ 1310ರಲ್ಲಿ ನಷ್ಟ ಸಣ್ಣದಾಗಿದ್ದು 1550ರಲ್ಲಿ ದೊಡ್ಡದಾಗಿ ಕಂಡರೆ ಅದು ಮಡಿಕೆ; ಎರಡರಲ್ಲಿಯೂ ಸರಿಸುಮಾರು ಒಂದೇ ಆಗಿದ್ದರೆ ಕೆಟ್ಟ ಜೋಡಣೆ ಅಥವಾ ಕೊಳೆಯಾದ ಕನೆಕ್ಟರ್. ಮೊದಲ ಕನೆಕ್ಟರಿನ ಪ್ರತಿಫಲನದಿಂದ ಉಪಕರಣಕ್ಕೆ ಕ್ಷಣಕಾಲ ಕಣ್ಣು ಕತ್ತಲಿಡುವುದರಿಂದ, ನಡುವೆ ಕೆಲವು ನೂರು ಮೀಟರಿನ ಲಾಂಚ್ ಫೈಬರ್ ಸೇರಿಸಬೇಕು. ಕೆಲವೊಮ್ಮೆ ಜೋಡಣೆಯಲ್ಲಿ ಬೆಳಕು ಹೆಚ್ಚಿದಂತೆ ತೋರುತ್ತದೆ. ಎರಡು ಬೇರೆ ಬಗೆಯ ಫೈಬರುಗಳು ಕೂಡಿದಾಗ ಹೀಗಾಗುತ್ತದೆ, ಎರಡೂ ತುದಿಯಿಂದ ಅಳೆದು ಸರಾಸರಿ ತೆಗೆದರೆ ನಿಜವಾದ ನಷ್ಟ ಸಿಗುತ್ತದೆ. ಒಟಿಡಿಆರ್ ಹೇಳುವುದು ಗಾಜಿನ ಉದ್ದ; ಗಾಜು ಕೇಬಲಿನೊಳಗೆ ಸುತ್ತಿಕೊಂಡು ಸಾಗುವುದರಿಂದ ರಸ್ತೆಯ ಉದ್ದ ಅದಕ್ಕಿಂತ ತುಸು ಕಡಿಮೆ, ಬಿಟ್ಟ ಸುರುಳಿಗಳನ್ನೂ ಕಳೆಯಬೇಕು. ಜನ ಬಳಸುತ್ತಿರುವ ಲೈನಿಗೆ ಈ ತರಂಗಾಂತರಗಳನ್ನು ಹಾಕಬಾರದು, ನೆರೆಮನೆಯವರ ಸಂಪರ್ಕವೂ ಕೆಡುತ್ತದೆ.

ಮನೆಯ ತುದಿಯಲ್ಲಿ ಪವರ್ ಮೀಟರನ್ನು 1490ಕ್ಕೆ (ಮನೆಯ ಕಡೆಗೆ ಬರುವ ಬೆಳಕಿನ ತರಂಗಾಂತರಕ್ಕೆ) ಇಟ್ಟು, ಕನೆಕ್ಟರನ್ನು ಒರೆಸಿ ಅಳೆಯಬೇಕು. ಮೊದಲಿನ ಲೆಕ್ಕಕ್ಕಿಂತ 2 ಡಿಬಿಗೂ ಹೆಚ್ಚು ಕೆಳಗಿದ್ದರೆ ಹಿಂದಿನ ಪೆಟ್ಟಿಗೆಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಅಳೆಯುತ್ತ ಹೋಗಬೇಕು. ಸಿಕ್ಕ ಅಂಕಿಯನ್ನು ದಿನಾಂಕ ಸಹಿತ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಅಳಿಸದ ಪೆನ್ನಿನಿಂದ ಬರೆದಿಡಬೇಕು. ನಾನು ವರ್ಷಕ್ಕೊಮ್ಮೆ, ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ವಿಶೇಷ ದಿನ) ಮೊದಲು, ನಾನು ಎಳೆದ ಲೈನುಗಳ ಬುಡದಲ್ಲಿ ನಡೆದು, ತೂಗುವ ಮಡಲುಗಳನ್ನು ಕಡಿಸಿ, ಕೇಬಲ್ ಬಾಗುಗಳನ್ನು ನೋಡಿ, ಮತ್ತೆ ಅಳೆದು ಹಳೆಯ ಅಂಕಿಯ ಕೆಳಗೆ ಹೊಸದನ್ನು ಬರೆಯುತ್ತೇನೆ. ಹಿರಿಯಡ್ಕದ ಆ ಮುಚ್ಚಳದಲ್ಲಿ ಈಗ ನಾಲ್ಕು ಸಾಲುಗಳಿವೆ, ಮೊದಲನೆಯದರ ಪಕ್ಕದಲ್ಲಿ ಆ ಜುಲೈಯ ಮೈನಸ್ 29 ಕೂಡ ಇದೆ.